ವಿಮರ್ಶೆಗೆ ಹೋಗುವ ಸಾಧನ, ನಿಮ್ಮ ಪಾರ್ಸೆಲ್: ಸರದಿಯಲ್ಲಿ ಮಾಡಿರುವ ಬದಲಾವಣೆ

ಮಾನ್ಯ ಗ್ರಾಹಕರೇ,

ನಮಸ್ಕಾರ. ನೀವು ಮುಂಗಡ ಬುಕಿಂಗ್ ಮಾಡಿರುವ 10.3 ಇಂಚಿನ ಇ-ಪೇಪರ್ ನೋಟ್‌ಬುಕ್ ಏಳು ವಾರ ತಡವಾಗುತ್ತದೆ ಎಂದು ಹಿಂದಿನ ಪತ್ರದಲ್ಲಿ ತಿಳಿಸಿದ್ದೆವು. ಅದಕ್ಕೆ ಬಂದ ಉತ್ತರಗಳಲ್ಲಿ ಹೆಚ್ಚಿನವು ಕೇಳಿದ್ದು ಒಂದೇ ಪ್ರಶ್ನೆ: ನಮಗೆ ತಡ, ಸರಿ, ಪತ್ರಿಕೆಗಳಿಗೂ ವಿಡಿಯೊ ವಿಮರ್ಶಕರಿಗೂ ಮಾತ್ರ ಹಳೆಯ ದಿನಾಂಕಕ್ಕೇ ಹೋಗುತ್ತದೆಯೇ? ಹೋಗುವುದಿತ್ತು. ಆ ಏರ್ಪಾಡನ್ನು ಈಗ ಕೈಬಿಟ್ಟಿದ್ದೇವೆ.

ಹಳೆಯ ಲೆಕ್ಕ ಹೀಗಿತ್ತು. ರವಾನೆಗೆ ಮೂರು ವಾರ ಮೊದಲು 24 ಸಾಧನಗಳು ವಿಮರ್ಶಕರಿಗೆ ತಲುಪಬೇಕು, ರವಾನೆ ಶುರುವಾಗುವ ದಿನ ಬೆಳಿಗ್ಗೆ ಎಂಬಾರ್ಗೋ ತೆರವಾಗಬೇಕು, ಅಂದರೆ ಅಲ್ಲಿಯವರೆಗೆ ಅವರು ಏನನ್ನೂ ಪ್ರಕಟಿಸುವಂತಿಲ್ಲ. ರವಾನೆಯ ದಿನಾಂಕ ಮುಂದಕ್ಕೆ ಹೋಯಿತು. ಎಂಬಾರ್ಗೋ ದಿನಾಂಕ ಕ್ಯಾಲೆಂಡರಿನಲ್ಲಿ ಇದ್ದಲ್ಲೇ ಉಳಿಯಿತು. ಹಾಗೇ ಬಿಟ್ಟಿದ್ದರೆ ದುಡ್ಡು ಕಟ್ಟಿ ಕಾಯುತ್ತಿರುವವರು ಇನ್ನೊಬ್ಬರ ಮೇಜಿನ ಮೇಲಿರುವ ಸಾಧನದ ವಿಡಿಯೊವನ್ನು ಏಳು ವಾರ ನೋಡುತ್ತಾ ಕೂರಬೇಕಾಗುತ್ತಿತ್ತು. 2013ರ ಜೂನ್‌ನಲ್ಲಿ ಊಯಾ ಎಂಬ ಗೇಮ್ ಸಾಧನ ಅಂಗಡಿಗಳಲ್ಲಿ ಮಾರಾಟಕ್ಕೆ ಬಂದಾಗ, ಜನರಿಂದ ಮುಂಗಡ ಹಣ ಸೇರಿಸುವ ಕಿಕ್‌ಸ್ಟಾರ್ಟರ್ ಜಾಲತಾಣದಲ್ಲಿ ಹಿಂದಿನ ವರ್ಷವೇ ಹಣ ಕೊಟ್ಟಿದ್ದ ಕೆಲವರಿಗೆ ಅದಿನ್ನೂ ತಲುಪಿರಲಿಲ್ಲ. ಆ ಸಿಟ್ಟು ಎಂಥದ್ದೆಂದು ಈ ವ್ಯಾಪಾರದಲ್ಲಿರುವ ಎಲ್ಲರಿಗೂ ಗೊತ್ತು.

ಆದರೆ ಬದಲಾವಣೆಗೆ ಸಿಟ್ಟಿಗಿಂತ ದೊಡ್ಡ ಕಾರಣ ಪರದೆಯಲ್ಲಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಇ-ಪೇಪರ್ ಪರದೆಯ ಒಳಗೆ ಕಪ್ಪು ಮತ್ತು ಬಿಳಿ ಕಣಗಳಿರುತ್ತವೆ. ವಿದ್ಯುತ್ ಒತ್ತಡ ಕೊಟ್ಟು ಅವನ್ನು ಮೇಲಕ್ಕೆ, ಕೆಳಕ್ಕೆ ಸರಿಸುವುದರಿಂದ ಅಕ್ಷರ ಮೂಡುತ್ತದೆ. ಈ ತಳ್ಳಾಟಕ್ಕೆಲ್ಲ ಆಧಾರವಾಗಿ ವಿಕಾಮ್ ಎಂಬ ಒಂದು ವೋಲ್ಟೇಜ್ ಇರುತ್ತದೆ. ಅದು ಪ್ರತಿ ಪ್ಯಾನೆಲ್‌ಗೂ ಬೇರೆ. ಒಂದರದು ಮೈನಸ್ 1.53 ವೋಲ್ಟ್ ಇದ್ದರೆ ಪಕ್ಕದ್ದು ಮೈನಸ್ 2.14 ಇರಬಹುದು. ತಯಾರಕರು ಅದನ್ನು ಅಳೆದು, ಪ್ಯಾನೆಲ್‌ನ ಫ್ಲೆಕ್ಸ್ ಕೇಬಲ್ (ಬಾಗುವ ತೆಳು ಪಟ್ಟಿಯಂಥ ತಂತಿ) ಮೇಲೆ ಬೆರಳಿನ ಉಗುರಿಗಿಂತ ಚಿಕ್ಕ ಚೀಟಿಯಲ್ಲಿ ಅಂಟಿಸಿ ಕಳಿಸುತ್ತಾರೆ. ಜೋಡಣೆಯ ವೇಳೆ ಆ ಅಂಕಿಯನ್ನು ಓದಿ ಸಾಧನದ ಮೆಮೊರಿಗೆ ಬರೆಯಬೇಕು. ತಪ್ಪು ಅಂಕಿ ಬರೆದರೂ ಸಾಧನ ಚೆನ್ನಾಗಿಯೇ ಆನ್ ಆಗುತ್ತದೆ, ಬರೆಯುತ್ತದೆ, ಅಳಿಸುತ್ತದೆ. ಬಿಳಿ ಮಾತ್ರ ಬೂದಿ ಬಳಿದಂತೆ ಕಾಣುತ್ತದೆ, ಹಿಂದಿನ ಪುಟದ ಅಕ್ಷರಗಳು ನೆರಳಿನಂತೆ ಉಳಿಯುತ್ತವೆ. ಪರೀಕ್ಷಾ ಜಿಗ್‌ನಲ್ಲಿ (ಸಾಧನವನ್ನು ಕೂರಿಸಿ ಅಂಕಿ ಬರೆದು ಪರೀಕ್ಷಿಸುವ ಚೌಕಟ್ಟಿನಲ್ಲಿ) ಪಾಸು, ಕೈಯಲ್ಲಿ ಹಿಡಿದರೆ ಫೇಲು.

ನಮ್ಮ ಜೋಡಣೆಯಲ್ಲಿ ಆಗಿದ್ದು ಇದೇ. ಜಿಗ್ ಎಲ್ಲ ಸಾಧನಗಳಿಗೂ ಒಂದೇ ಡೀಫಾಲ್ಟ್ ಅಂಕಿ ಬರೆಯುತ್ತಿತ್ತು. ಪ್ಯಾನೆಲ್‌ಗಳ ಮೊದಲ ಲಾಟ್‌ನಲ್ಲಿ ನಿಜವಾದ ಅಂಕಿಗಳು ಅದರ ಆಸುಪಾಸಿನಲ್ಲೇ ಇದ್ದುದರಿಂದ ಎದ್ದು ಕಾಣಲಿಲ್ಲ. ಎರಡನೆಯ ಲಾಟ್ ಬಂದಾಗ ಬಣ್ಣ ಬಯಲಾಯಿತು. ಜೊತೆಗೆ ಕಣಗಳನ್ನು ಯಾವ ಕ್ರಮದಲ್ಲಿ, ಎಷ್ಟು ಹೊತ್ತು ತಳ್ಳಬೇಕು ಎನ್ನುವ ವೇವ್‌ಫಾರ್ಮ್ ಕೋಷ್ಟಕವೂ ಲಾಟ್‌ನಿಂದ ಲಾಟ್‌ಗೆ ಬದಲಾಗುತ್ತದೆ. ಎರಡನೆಯ ಲಾಟ್‌ಗೆ ಮೊದಲ ಲಾಟ್‌ನ ಕೋಷ್ಟಕವೇ ಹೋಗಿತ್ತು. ಅಷ್ಟರಲ್ಲಿ 340 ಸಾಧನಗಳ ಹಿಂಬದಿ ಮುಚ್ಚಿಯಾಗಿತ್ತು.

ಇದಕ್ಕೂ ವಿಮರ್ಶಕರಿಗೂ ಏನು ಸಂಬಂಧ ಎಂದರೆ, ಅವರಿಗಾಗಿ ಎತ್ತಿಟ್ಟಿದ್ದ 24 ಸಾಧನಗಳಲ್ಲಿ ಈ ದೋಷವೇ ಇರಲಿಲ್ಲ. ಅವು ಪೈಲಟ್ ರನ್‌ನಲ್ಲಿ, ಅಂದರೆ ಮೊದಲ ಪ್ರಾಯೋಗಿಕ ತಯಾರಿಕೆಯಲ್ಲಿ, ಎಂಜಿನಿಯರುಗಳು ಮೇಜಿನ ಮೇಲೆ ಕೂರಿಸಿ, ಚೀಟಿ ನೋಡಿ, ಅಂಕಿಯನ್ನು ಕೈಯಿಂದ ಟೈಪ್ ಮಾಡಿ ಸಿದ್ಧಪಡಿಸಿದವು. ಹಳೆಯ ದಿನಾಂಕಕ್ಕೆ ಅವನ್ನೇ ಕಳಿಸಿದ್ದರೆ ಪರದೆಯ ಬಗ್ಗೆ ಒಳ್ಳೆಯ ಮಾತು ಬರುತ್ತಿತ್ತು, ಅದನ್ನು ನಂಬಿದ ನಿಮ್ಮ ಕೈಗೆ ಬೂದು ಪರದೆ ಬರುತ್ತಿತ್ತು. ಯಾರೂ ಸುಳ್ಳು ಹೇಳಿರುತ್ತಿರಲಿಲ್ಲ. ವಿಮರ್ಶೆಯಾದ ವಸ್ತು ಮತ್ತು ಮಾರಾಟವಾದ ವಸ್ತು ಬೇರೆಬೇರೆ ಆಗಿರುತ್ತಿದ್ದವು, ಅಷ್ಟೇ. ಹಾಗಾಗಿ ಆ 24ನ್ನು ಹೊರಗೆ ಬಿಡುವುದಿಲ್ಲ. ಅವು ನಮ್ಮ ಪರೀಕ್ಷಾ ಕೋಣೆಯಲ್ಲೇ ಉಳಿಯುತ್ತವೆ.

ಈಗಿನ ಕ್ರಮ ಹೀಗಿದೆ. ಮೊದಲ ಕಂತಿನಲ್ಲಿ 1,290 ಸಾಧನಗಳಿಗೆ ಬೇಕಾದ ಬಿಡಿಭಾಗಗಳಿವೆ. 1,200 ನಿಮ್ಮ ಬುಕಿಂಗ್‌ಗಳಿಗೆ. 36 ಬದಲಿ ಕೊಡಲು, ಅಂದರೆ ನೂರಕ್ಕೆ ಮೂರು. 24 ವಿಮರ್ಶೆಗೆ. ಉಳಿದ 30 ಜೋಡಣೆಯಲ್ಲಿ ಕೆಡಬಹುದಾದವುಗಳ ಲೆಕ್ಕಕ್ಕೆ. ಕೆಡುವುದು 30 ದಾಟಿದರೆ ಕತ್ತರಿ ಬೀಳುವುದು ವಿಮರ್ಶಕರ ಪಾಲಿಗೆ: ಆ ಕ್ಷಣದಿಂದ ಅವರಿಗೆ ಒಂದೂ ಹೋಗುವುದಿಲ್ಲ. ನಿಮ್ಮ 1,200ಕ್ಕೂ ಬದಲಿಗೆಂದು ಇಟ್ಟ 36ಕ್ಕೂ ಕೈ ಹಾಕುವುದಿಲ್ಲ.

ಮುಚ್ಚಿದ್ದ 340ನ್ನು ಬಿಚ್ಚುವುದು ಮೊದಲ ಕೆಲಸ. ಹಿಂಬದಿಗೆ ಎಂಟು ಸ್ಕ್ರೂ, ಸುತ್ತಲೂ ಅಂಟು ಟೇಪ್. ಬಿಸಿ ತಟ್ಟೆಯ ಮೇಲಿಟ್ಟು ಟೇಪ್ ಸಡಿಲಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಬೇಕು. ಅವಸರ ಮಾಡಿದರೆ ಪಟ್ಟಿಯ ತುದಿ ಫ್ಲೆಕ್ಸ್ ಕೇಬಲ್‌ಗೆ ತಗಲುತ್ತದೆ. ಅಲ್ಲಿಗೆ ಆ ಪ್ಯಾನೆಲ್ ಮುಗಿಯಿತು. ಚೀಟಿ ಸ್ಕ್ಯಾನ್ ಮಾಡಿ, ಅಂಕಿ ಮತ್ತು ಲಾಟ್‌ಗೆ ತಕ್ಕ ವೇವ್‌ಫಾರ್ಮ್ ಬರೆದು, ಹಳೆಯ ಟೇಪ್ ಪೂರ್ತಿ ಕಿತ್ತು ಹೊಸದನ್ನು ಹಾಕಿ ಮುಚ್ಚಲು ಒಂದಕ್ಕೆ 25 ನಿಮಿಷ. ನಾಲ್ಕು ಮೇಜುಗಳಲ್ಲಿ ನಡೆದರೆ ಸುಮಾರು ಐದು ಕೆಲಸದ ದಿನ. ಅಂಟು ಹಿಡಿಯಲು ಮತ್ತೆ 24 ಗಂಟೆ ಒತ್ತಡದಲ್ಲಿ ಇಡಬೇಕು. ಇದನ್ನು ಕಡಿಮೆ ಮಾಡಿದರೆ ಎರಡು ತಿಂಗಳಿಗೆ ಅಂಚು ಏಳುತ್ತದೆ. ಉಳಿದ 950 ಹೊಸ ಜಿಗ್‌ನಲ್ಲಿ ದಿನಕ್ಕೆ 60ರಂತೆ 16 ಕೆಲಸದ ದಿನ ತೆಗೆದುಕೊಳ್ಳುತ್ತವೆ. ಈ ಜಿಗ್‌ನಲ್ಲಿ ಚೀಟಿ ಸ್ಕ್ಯಾನ್ ಆಗದೆ ಮುಂದಿನ ಹಂತ ತೆರೆಯುವುದೇ ಇಲ್ಲ, ಕೈಯಿಂದ ಟೈಪ್ ಮಾಡಲು ಜಾಗವನ್ನೇ ಇಟ್ಟಿಲ್ಲ.

ವಿಮರ್ಶೆಯ 24ನ್ನು ಇದೇ ಸಾಲಿನಿಂದ ಎತ್ತುತ್ತೇವೆ. ಹತ್ತು ಸಾಧನಕ್ಕೊಂದು ರಟ್ಟಿನ ಪೆಟ್ಟಿಗೆ. ಬಿಚ್ಚಿ ಸರಿಪಡಿಸಿದ 34 ಪೆಟ್ಟಿಗೆಗಳಲ್ಲಿ ಪ್ರತಿ ನಾಲ್ಕನೆಯದರಿಂದ ಒಂದು, ಒಟ್ಟು 8. ಹೊಸ ಜೋಡಣೆಯ ಮೊದಲ 50 ಪೆಟ್ಟಿಗೆಗಳಲ್ಲಿ ಪ್ರತಿ ಮೂರನೆಯದರಿಂದ ಒಂದು, ಒಟ್ಟು 16. ಎತ್ತುವವರು ರವಾನೆ ಮೇಜಿನವರು, ಎಂಜಿನಿಯರುಗಳು ಮುಟ್ಟುವಂತಿಲ್ಲ. ಸೀಲ್ ಒಡೆದು 'ಒಮ್ಮೆ ನೋಡಿಬಿಡೋಣ' ಎನ್ನುವುದೂ ಇಲ್ಲ. ಬಿಚ್ಚಿ ಮುಚ್ಚಿದ್ದನ್ನು ವಿಮರ್ಶೆಗೆ ಕೊಡಬೇಕೇ ಎಂಬ ಪ್ರಶ್ನೆ ನಮ್ಮೊಳಗೂ ಎದ್ದಿತ್ತು. ನಿಮ್ಮಲ್ಲಿ 340 ಮಂದಿಯವರೆಗೆ ಅಂಥದ್ದೇ ತಲುಪುವಾಗ ವಿಮರ್ಶಕರಿಗೆ ಮಾತ್ರ ಹೊಸದನ್ನು ಆರಿಸಿ ಕೊಟ್ಟರೆ ಇಷ್ಟೆಲ್ಲ ಮಾಡಿದ್ದಕ್ಕೆ ಅರ್ಥವಿಲ್ಲ. 24ರ ಸೀರಿಯಲ್ ನಂಬರ್‌ಗಳನ್ನು ಎಂಬಾರ್ಗೋ ತೆರವಾದ ದಿನ ನಿಮಗೆಲ್ಲ ಕಳಿಸುತ್ತೇವೆ. ನಿಮ್ಮ ನಂಬರ್ ಜೊತೆ ಹೋಲಿಸಿ ನೋಡಬಹುದು.

ಎಂಬಾರ್ಗೋ ಇನ್ನು ಕ್ಯಾಲೆಂಡರಿಗೆ ಕಟ್ಟಿದ್ದಲ್ಲ. ಮೊದಲ ಕಂತಿನ 900 ಪಾರ್ಸೆಲ್‌ಗಳು ಕೊರಿಯರ್ ದಾಖಲೆಯಲ್ಲಿ 'ತಲುಪಿದೆ' ಎಂದು ತೋರಿದ ಮರುದಿನ ಅದು ತೆರವಾಗುತ್ತದೆ. 'ರವಾನೆಯಾಗಿದೆ', 'ವಿತರಣೆಗೆ ಹೊರಟಿದೆ' ಎಂಬುವು ಲೆಕ್ಕಕ್ಕಿಲ್ಲ. ಕಸ್ಟಮ್ಸ್‌ನಲ್ಲೋ ಗೋದಾಮಿನಲ್ಲೋ ನೂರಾರು ಪಾರ್ಸೆಲ್ ಸಿಕ್ಕಿಹಾಕಿಕೊಂಡರೆ ವಿಮರ್ಶೆಗಳೂ ಕೊನೆಯಿಲ್ಲದೆ ನಿಲ್ಲಬಾರದಲ್ಲ, ಆದ್ದರಿಂದ ಮೊದಲ ಪಾರ್ಸೆಲ್ ಹೊರಟ 35ನೆಯ ದಿನ ಹೇಗಿದ್ದರೂ ತೆರವು. ಅಂದಹಾಗೆ, ಎಂಬಾರ್ಗೋ ವಿಮರ್ಶಕರಿಗೆ ಮಾತ್ರ. ನೀವು ದುಡ್ಡು ಕೊಟ್ಟು ಕೊಂಡವರು. ಪೆಟ್ಟಿಗೆ ತೆರೆದ ಗಳಿಗೆಯಿಂದ ಒಳ್ಳೆಯದೋ ಕೆಟ್ಟದ್ದೋ ಏನು ಬೇಕಾದರೂ ಬರೆಯಬಹುದು, ತೋರಿಸಬಹುದು.

ಇನ್ನೂ ಮುಂದೆ ಹೋಗಿ, ಎಲ್ಲ ಗ್ರಾಹಕರಿಗೂ ತಲುಪಿದ ಮೇಲೆಯೇ ವಿಮರ್ಶಕರಿಗೆ ಕಳಿಸಿ ಎಂದು ಕೆಲವರು ಬರೆದಿದ್ದಾರೆ. ಅದನ್ನು ಒಪ್ಪಿಕೊಂಡಿಲ್ಲ. ಎರಡನೆಯ ಕಂತಿನಲ್ಲಿ 900 ಬುಕಿಂಗ್‌ಗಳಿವೆ; ಅವರು ಬಾಕಿ ಹಣ ಕಟ್ಟುವ ಮುನ್ನ ನಮ್ಮ ಮಾತನ್ನು ಬಿಟ್ಟು ಬೇರೆಯವರ ಮಾತೂ ಅವರಿಗೆ ಸಿಗಬೇಕು. ಇ-ಪೇಪರ್ ಸಾಧನವನ್ನು ಮೂರು ದಿನದಲ್ಲಿ ಅಳೆಯಲೂ ಆಗದು. ಬ್ಯಾಟರಿ ವಾರಗಟ್ಟಲೆ ಬರುತ್ತದೆ, ಪೆನ್ನಿನ ತುದಿ ಸವೆಯಲು ಸಮಯ ಬೇಕು, ನೂರಿನ್ನೂರು ಪುಟ ತುಂಬಿದ ಮೇಲೆ ಕಡತ ತೆರೆಯುವ ವೇಗ ಹೇಗೆ ಎಂಬುದು ಆಗಲೇ ಗೊತ್ತಾಗುವುದು. ಕಡಿಮೆಯೆಂದರೂ ಹತ್ತು ದಿನ ಕೊಡದಿದ್ದರೆ ಬರುವುದು ಪೆಟ್ಟಿಗೆ ಬಿಚ್ಚುವ ವಿಡಿಯೊ ಮಾತ್ರ.

ಫರ್ಮ್‌ವೇರ್ (ಸಾಧನವನ್ನು ನಡೆಸುವ ಒಳಗಿನ ತಂತ್ರಾಂಶ) ವಿಷಯದಲ್ಲೂ ಎರಡು ಸಾಲು ಬೇಡ ಎಂದು ತೀರ್ಮಾನಿಸಿದ್ದೇವೆ. ವಿಮರ್ಶಕರಿಗೆಂದು ಪ್ರತ್ಯೇಕ ಅಪ್‌ಡೇಟ್ ಇರುವುದಿಲ್ಲ. ಅವರು ಕಂಡುಹಿಡಿದ ದೋಷವನ್ನು ಸರಿಪಡಿಸಿದರೆ ಆ ಅಪ್‌ಡೇಟ್ ಅದೇ ದಿನ ಎಲ್ಲರಿಗೂ ಹೋಗುತ್ತದೆ. ಯಾವ ಆವೃತ್ತಿಯಲ್ಲಿ ಏನು ಕಂಡಿತು ಎಂಬುದನ್ನು ಬರಹದಲ್ಲಿ ನಮೂದಿಸಿ ಎಂದಷ್ಟೇ ಅವರನ್ನು ಕೇಳಿಕೊಂಡಿದ್ದೇವೆ. ಬರೆದದ್ದನ್ನು ಮೊದಲೇ ತೋರಿಸಿ ಎಂದು ಕೇಳುವುದಿಲ್ಲ. ಸಾಧನ 45 ದಿನದ ಎರವಲು. ವಾಪಸು ಬಂದದ್ದನ್ನು ಹೊಸದೆಂದು ಯಾರಿಗೂ ಮಾರುವುದಿಲ್ಲ, ಬದಲಿಯಾಗಿ ಕೊಡುವುದೂ ಇಲ್ಲ.

ಪೈಲಟ್ ಸಾಧನಗಳನ್ನು ಕೊರಿಯರ್‌ಗೆ ಹಾಕದಿರಲು ಇನ್ನೊಂದು ಕಾರಣವೂ ಇತ್ತು. ಅವುಗಳ ಬ್ಯಾಟರಿ ಹಳೆಯ ಮಾದರಿಯದು. ಲಿಥಿಯಂ ಬ್ಯಾಟರಿ ಯುಎನ್ 38.3 ಎಂಬ ಪರೀಕ್ಷಾ ಸರಣಿಯಲ್ಲಿ ಪಾಸಾಗದಿದ್ದರೆ ಅದಿರುವ ಸಾಧನವನ್ನು ಮಾಮೂಲಿ ಪಾರ್ಸೆಲ್‌ನಂತೆ ವಿಮಾನದಲ್ಲಿ ಕಳಿಸುವಂತಿಲ್ಲ. ಎತ್ತರ, ಶಾಖ, ಕಂಪನ, ಶಾರ್ಟ್ ಸರ್ಕಿಟ್, ಅತಿ ಚಾರ್ಜ್ ಎಲ್ಲವೂ ಅದರಲ್ಲಿ ಸೇರಿವೆ. ನಿಮಗೆ ಬರುವ ಸಾಧನದ ಬ್ಯಾಟರಿಗೆ ಈ ವರದಿ ಇದೆ. ಅರ್ಧಕ್ಕಿಂತ ಕಡಿಮೆ ಚಾರ್ಜ್‌ನಲ್ಲಿ ಬಂದರೆ ಗಾಬರಿ ಬೇಡ, ಬೇಕೆಂದೇ ಹಾಗೆ ಕಳಿಸುತ್ತೇವೆ.

ಸಾಧನ ಕೈಗೆ ಬಂದಾಗ ಹೀಗೆ ನೋಡಿ. ಪಾರ್ಸೆಲ್ ತಣ್ಣಗಿದ್ದರೆ ಅರ್ಧ ಗಂಟೆ ಕೋಣೆಯಲ್ಲೇ ಬಿಡಿ, ಏಕೆಂದರೆ ಚಳಿಯಲ್ಲಿ ಕಣಗಳು ನಿಧಾನವಾಗಿ ಸರಿಯುತ್ತವೆ, ಒಳ್ಳೆಯ ಪರದೆಯೂ ಕೆಟ್ಟದಾಗಿ ಕಾಣುತ್ತದೆ. ಪೂರ್ತಿ ಚಾರ್ಜ್ ಮಾಡಿ, ತುಂಬ ಅಕ್ಷರವಿರುವ ಪುಟ ತೆರೆದು, ಅಲ್ಲಿಂದ ಖಾಲಿ ಪುಟಕ್ಕೆ ಹೋಗಿ. ನಸು ನೆರಳು ಉಳಿದರೆ ಮೆನುವಿನಲ್ಲಿರುವ 'ಪೂರ್ಣ ರಿಫ್ರೆಶ್' ಒತ್ತಿ. ಮೂರು ಸಲ ಒತ್ತಿದ ಮೇಲೂ ಹಳೆಯ ಅಕ್ಷರ ಓದುವ ಹಾಗಿದ್ದರೆ ಅದು ದೋಷ. ಆಗ ಸೆಟ್ಟಿಂಗ್ಸ್‌ನ 'ಸಾಧನದ ವಿವರ' ಪುಟದಲ್ಲಿ ವಿಕಾಮ್ ಅಂಕಿ ನೋಡಿ. ಪೆಟ್ಟಿಗೆಯ ತಳದ ಲೇಬಲ್‌ನಲ್ಲಿ ಸೀರಿಯಲ್ ನಂಬರ್ ಪಕ್ಕ ಅದೇ ಅಂಕಿ ಮುದ್ರಿಸಿರುತ್ತೇವೆ. ಎರಡೂ ಬೇರೆಯಿದ್ದರೆ ಎರಡರ ಫೋಟೊ ಕಳಿಸಿ. ಬದಲಿ ಹೊರಡುತ್ತದೆ, ಹಳೆಯದು ವಾಪಸು ಬರುವವರೆಗೆ ಕಾಯುವುದಿಲ್ಲ. ಎರಡೂ ಒಂದೇ ಇದ್ದು ನೆರಳು ಹೋಗದಿದ್ದರೆ ಖಾಲಿ ಪುಟದ ಫೋಟೊ ಕಳಿಸಿ, ಫ್ಲ್ಯಾಶ್ ಇಲ್ಲದೆ, ಕಿಟಕಿ ಬೆಳಕಿನಲ್ಲಿ ತೆಗೆದದ್ದು.

ಹಣದ ವಿಷಯ. ಎರಡನೆಯ ಕಂತಿನವರಿಂದ ಎಂಬಾರ್ಗೋ ತೆರವಾಗಿ 14 ದಿನ ಕಳೆಯುವವರೆಗೆ ಬಾಕಿ ಕೇಳುವುದಿಲ್ಲ. ಆ ಅವಧಿಯಲ್ಲಿ ರದ್ದು ಮಾಡಿದರೆ ಮುಂಗಡ ಪೂರ್ತಿ ವಾಪಸು. ಮೊದಲ ಕಂತಿನವರಲ್ಲಿ ವಿಮರ್ಶೆ ನೋಡಿಯೇ ತೆಗೆದುಕೊಳ್ಳುತ್ತೇವೆ ಎನ್ನುವವರು ಅದೇ ಬೆಲೆಯಲ್ಲಿ ಎರಡನೆಯ ಕಂತಿಗೆ ಜರುಗಬಹುದು. ನಿಮ್ಮ ಆರ್ಡರ್ 'ಪೆಟ್ಟಿಗೆ' ಹಂತಕ್ಕೆ ಬರುವ ಮೊದಲು ತಿಳಿಸಬೇಕು; ಲೇಬಲ್ ಅಂಟಿದ ಮೇಲೆ ತಡೆಯಲಾಗದು. ವಿಳಾಸ ಬದಲಾವಣೆಗೂ ಇದೇ ಗಡುವು. ಏನೂ ತಿಳಿಸದಿದ್ದರೆ ನಿಮ್ಮ ಸರದಿ ಇದ್ದಂತೆಯೇ ಇರುತ್ತದೆ.

ಬರೆಯುವಾಗ ಆರ್ಡರ್ ನಂಬರ್ ಹಾಕಿ, ಒಂದು ಪತ್ರದಲ್ಲಿ ಒಂದೇ ಆರ್ಡರ್ ಇರಲಿ. ಎರಡು ಆರ್ಡರ್ ಒಟ್ಟಿಗೆ ಬರೆದ ಪತ್ರಗಳಲ್ಲಿ ಎರಡನೆಯದು ಕಣ್ತಪ್ಪುತ್ತಿದೆ.

ಇಂತಿ,
ಜೋಡಣೆ, ರವಾನೆ ಮತ್ತು ಗ್ರಾಹಕ ಸೇವೆಯವರು