ಮಳೆ ರಜೆ ಸುದ್ದಿ ಕೀಪ್ಯಾಡ್ ಫೋನಿಗೂ ಬರಲಿ

ಮಾನ್ಯರೇ,

ಮಲೆನಾಡಿನಲ್ಲಿ ಮಳೆ ಜೋರಾದರೆ ಶಾಲೆಗೆ ರಜೆ ಕೊಡುತ್ತಾರೆ. ಒಳ್ಳೆಯದೇ. ಆದರೆ ನಮ್ಮ ಶಾಲೆಯ ಸುದ್ದಿ ಬರುವುದು ವಾಟ್ಸ್‌ಆ್ಯಪ್ ಗುಂಪಿಗೆ ಮಾತ್ರ. ಹೋದ ಮಳೆಗಾಲದಲ್ಲಿ ಪಕ್ಕದ ಮನೆಯ ಅಜ್ಜಿ ಒಂದೇ ಕೊಡೆಯಲ್ಲಿ ಮೊಮ್ಮಗಳನ್ನು ಕರೆದುಕೊಂಡು ಎರಡು ಕಿಲೋಮೀಟರ್ ನಡೆದರು. ಹೋಗಿ ನೋಡಿದರೆ ಗೇಟಿಗೆ ಬೀಗ. ಮಗುವಿನ ಪುಸ್ತಕವೆಲ್ಲ ಒದ್ದೆ. ಅವರ ಕೈಲಿರುವುದು ಕೀಪ್ಯಾಡ್ ಫೋನು.

ಈಗ ಶಾಲೆಯವರು ಹೊಸ ಸಂದೇಶ ಸೇವೆ ಹುಡುಕುತ್ತಿದ್ದಾರೆ. ದಯವಿಟ್ಟು ಸುಮ್ನೆ ಅಗ್ಗದ್ದು ನೋಡಬೇಡಿ. ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಸಿದರೆ ಕನ್ನಡದ್ದು 70 ಮಾತ್ರ. ಗುಣಿತ, ಒತ್ತು ಎಲ್ಲವನ್ನೂ ಬೇರೆ ಬೇರೆಯಾಗಿ ಎಣಿಸುತ್ತಾರೆ. ಹಾಗಾಗಿ ಖರ್ಚು ಜಾಸ್ತಿ. ಹಾಗಂತ ಇಂಗ್ಲಿಷಿನಲ್ಲಿ ಕಳಿಸಿದರೆ ಅಜ್ಜಿಗೆ ಏನು ಉಪಯೋಗ?

ಕನ್ನಡದಲ್ಲಿ ಮಾತಾಡುವ ಧ್ವನಿ ಕರೆಯೇ ಮೇಲು. ಅದೂ ಯಾವಾಗಲೂ ಒಂದೇ ನಂಬರಿನಿಂದ ಬರಬೇಕು. 140ರಿಂದ ಶುರುವಾಗುವ ನಂಬರ್ ಕಂಡರೆ ಜಾಹೀರಾತು ಅಂತ ಜನ ಕಟ್ ಮಾಡುತ್ತಾರೆ, ಅಲ್ವಾ? ಪೋಷಕರ ಸಭೆಯಲ್ಲೇ ಎಲ್ಲರ ಫೋನಿಗೂ ಶಾಲೆಯ ನಂಬರ್ ಸೇವ್ ಮಾಡಿಕೊಡಿ. ಕರೆ ಬೆಳಿಗ್ಗೆ ಆರೂವರೆಯೊಳಗೆ ಬರಲಿ. ನಮ್ಮೂರ ಬಸ್ಸು ಏಳಕ್ಕೇ ಹೊರಡುತ್ತದೆ.

– ಒಬ್ಬ ಪೋಷಕ, ತೀರ್ಥಹಳ್ಳಿ ತಾಲ್ಲೂಕು