ಅಪ್ಪನ ಮಗ್ಗುಲು ಬದಲಿಸುವ ಬಗ್ಗೆ ಅತ್ತಿಗೆಗೆ

ಲೀಡ್ಸ್, ಇಂಗ್ಲೆಂಡ್

ಪ್ರೀತಿಯ ಅತ್ತಿಗೆಗೆ ನಮಸ್ಕಾರ.

ನೀವು ಕಳಿಸಿದ ಫೋಟೋ ನೋಡಿದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಇನ್ನರ್ಧ ಅಮ್ಮ ನಡುವೆ ಬಾಯಿ ಹಾಕುವುದರಲ್ಲಿ ಕಳೆಯುತ್ತದೆ. ಅದಕ್ಕೇ ಕೂತು ಬರೆದು ವಾಟ್ಸಾಪಿಗೆ ಹಾಕುತ್ತಿದ್ದೇನೆ. ಪೇಟೆಗೆ ಹೋದಾಗ ಪ್ರಿಂಟ್ ತೆಗೆಸಿ ಅಪ್ಪನ ಮಂಚದ ಪಕ್ಕದ ಗೋಡೆಗೆ ಅಂಟಿಸಿ, ಅಣ್ಣನ ಕಣ್ಣಿಗೂ ಬೀಳಲಿ.

ಅಪ್ಪನ ಬೆನ್ನಿನ ಬುಡದಲ್ಲಿ, ಸರಿಯಾಗಿ ಮೂಳೆಯ ಮೇಲೆ ಕಾಣುವ ಆ ಕಲೆ ನೀವು ಅಂದುಕೊಂಡ ಹಾಗೆ ಸೆಕೆಗೆ ಎದ್ದದ್ದಲ್ಲ. ಹಾಸಿಗೆ ಹುಣ್ಣು ಶುರುವಾಗುವುದೇ ಹೀಗೆ. ಒಂದೇ ಕಡೆ ಮಲಗಿದ್ದರೆ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿಕೊಂಡ ಸಣ್ಣ ರಕ್ತನಾಳಗಳು ಅಮುಕಿಹೋಗುತ್ತವೆ. ರಕ್ತ ಸಿಗದ ಮಾಂಸ ಒಳಗಿಂದಲೇ ಸಾಯತೊಡಗುತ್ತದೆ. ಎಷ್ಟೋ ಸಲ ಮೇಲೆ ಚರ್ಮ ಒಡೆಯುವ ಹೊತ್ತಿಗೆ ಒಳಗೆ ಆಗಬೇಕಾದ ಅನಾಹುತ ಆಗಿಹೋಗಿರುತ್ತದೆ. ನಾವಾದರೆ ನಿದ್ದೆಯಲ್ಲೂ ನೋವಿಗೆ ಹೊರಳುತ್ತೇವೆ. ಲಕ್ವ ಹೊಡೆದ ಬಲಭಾಗದಲ್ಲಿ ಅಪ್ಪನಿಗೆ ನೋವೂ ಸರಿಯಾಗಿ ತಿಳಿಯದು, ಹೊರಳಲೂ ಆಗದು. ಮೇಲಿಂದ ಶುಗರ್ ಬೇರೆ.

ಕಲೆಯ ಮೇಲೆ ಬೆರಳಿಟ್ಟು ಮೂರು ಎಣಿಸುವಷ್ಟು ಹೊತ್ತು ಮೆಲ್ಲಗೆ ಒತ್ತಿ ಬಿಡಿ. ಬಿಳಿಚಿಕೊಂಡು ಮತ್ತೆ ಬಣ್ಣ ಬಂದರೆ ಅಲ್ಲಿ ಇನ್ನೂ ರಕ್ತ ಓಡಾಡುತ್ತಿದೆ. ಒತ್ತಿದರೂ ಹಾಗೇ ಇದ್ದರೆ ಹುಣ್ಣಿನ ಮೊದಲ ಹಂತ. ಆದರೆ ಈ ಪರೀಕ್ಷೆ ಬಿಳಿಯರ ಮೈಗೆ ಹೇಳಿಮಾಡಿಸಿದ್ದು. ಅಪ್ಪನಂಥ ಕಪ್ಪು ಮೈಯಲ್ಲಿ ಕೆಂಪು ಕಾಣುವುದೇ ಕಷ್ಟ, ನೇರಳೆಯೋ ಮಾಸಲು ಕಪ್ಪೋ ಆಗಿರುತ್ತದೆ. ಹಾಗಾಗಿ ಅಂಗೈ ಹಿಂಭಾಗದಿಂದ ಮುಟ್ಟಿ ನೋಡಿ: ಸುತ್ತಲಿನ ಜಾಗಕ್ಕಿಂತ ಬಿಸಿ ಇದೆಯಾ, ಗಟ್ಟಿಯಾಗಿದೆಯಾ, ಇಲ್ಲ ಒಳಗೆ ನೀರು ತುಂಬಿದ ಹಾಗೆ ಮೆತ್ತಗಿದೆಯಾ. ನಮ್ಮ ವಾರ್ಡಿಗೆ ಪಂಜಾಬಿ, ಬಂಗಾಳಿ ಅಜ್ಜಂದಿರು ಬಂದಾಗ ನಾವು ಹೀಗೇ ಮುಟ್ಟಿ ನೋಡುವುದು.

ಇಲ್ಲಿ ಹಾಸಿಗೆ ಹಿಡಿದವರು ಬಂದರೆ, ಹುಣ್ಣಾಗುವ ಅಪಾಯ ಎಷ್ಟಿದೆ ಅಂತ ತಿಳಿಯಲು ವಾಟರ್‌ಲೋ ಲೆಕ್ಕ ಅಂತ ಒಂದು ಹಾಕುತ್ತೇವೆ. ಜೂಡಿ ವಾಟರ್‌ಲೋ ಎಂಬ ನರ್ಸ್ 1985ರಲ್ಲಿ ಮಾಡಿದ್ದು. ವಯಸ್ಸು, ಮೈಕಟ್ಟು, ಚರ್ಮ, ಓಡಾಟ, ಮಲಮೂತ್ರದ ಹಿಡಿತ, ಊಟ ಎಲ್ಲಕ್ಕೂ ಅಂಕ. 10 ಬಂದರೆ ಅಪಾಯ, 15ಕ್ಕೆ ಹೆಚ್ಚಿನ ಅಪಾಯ, 20 ಅಂದರೆ ತೀರಾ ಹೆಚ್ಚು. ಅಪ್ಪನದ್ದು ಹಾಕಿ ನೋಡಿದೆ, 20 ದಾಟಿತು. ನನ್ನ ಮಾರ್ಕ್ಸ್ ಕಾರ್ಡ್ ಹಿಡಿದು ಬೈಯುತ್ತಿದ್ದ ಮನುಷ್ಯ, ಈ ಒಂದು ಪರೀಕ್ಷೆಯಲ್ಲಾದರೂ ಫೇಲಾಗಬಾರದಿತ್ತೇ!

ಇನ್ನು ಕೆಲಸದ ಮಾತು. ಕಲೆ ಹೋಗುವ ತನಕ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲೇಬೇಕು. ಪೂರ್ತಿ ಪಕ್ಕಕ್ಕೆ ತಿರುಗಿಸಬೇಡಿ, ಸೊಂಟದ ಮೂಳೆಗೆ ಭಾರ ಬೀಳುತ್ತದೆ. ಬೆನ್ನಿನ ಹಿಂದೆ ದಿಂಬು ಕೊಟ್ಟು ಸ್ವಲ್ಪ ಓರೆ ಮಾಡಿದರೆ ಸಾಕು, ಸುಮಾರು 30 ಡಿಗ್ರಿ. ಬೆನ್ನಿನ ಕೆಳಗೆ ಕೈ ತೂರಿಸಿ ನೋಡಿ, ಆ ಮೂಳೆ ಹಾಸಿಗೆಗೆ ತಾಗುತ್ತಿರಬಾರದು. ಮೊಣಕಾಲುಗಳ ನಡುವೆ ಒಂದು ದಿಂಬು. ಇನ್ನೊಂದು ಮೀನಖಂಡದ ಕೆಳಗೆ, ಹಿಮ್ಮಡಿ ಗಾಳಿಯಲ್ಲಿ ನಿಲ್ಲುವ ಹಾಗೆ. ಶುಗರ್ ಇದ್ದವರ ಹಿಮ್ಮಡಿಯಲ್ಲಿ ಹುಣ್ಣಾದರೆ ಮಾಯುವುದು ಬಹಳ ನಿಧಾನ.

ಅಣ್ಣ ಅಪ್ಪನ ಕಂಕುಳಿಗೆ ಕೈ ಕೊಟ್ಟು ಎಳೆಯುವುದನ್ನು ವೀಡಿಯೋ ಕಾಲಿನಲ್ಲಿ ನೋಡಿದೆ. ದಯವಿಟ್ಟು ನಿಲ್ಲಿಸಲು ಹೇಳಿ. ಸ್ವಾಧೀನವಿಲ್ಲದ ಕೈ ಎಳೆದರೆ ಭುಜದ ಕೀಲು ಜಾರುತ್ತದೆ. ಹಾಗೆ ದರದರ ಎಳೆದಾಗ ಬೆನ್ನಿನ ಚರ್ಮವೂ ಹಾಸಿಗೆಗೆ ಉಜ್ಜಿ ಕಿತ್ತುಬರುತ್ತದೆ. ಹಳೆಯ ಪಂಚೆಯನ್ನು ಮಡಚಿ ಭುಜದಿಂದ ತೊಡೆಯವರೆಗೆ ಅಡಿಗೆ ಹಾಸಿಡಿ. ಆ ಕಡೆ ಒಬ್ಬರು, ಈ ಕಡೆ ಒಬ್ಬರು ಅಂಚು ಸುತ್ತಿ ಹಿಡಿದು ಎತ್ತಿ ಸರಿಸಿ.

ಇಬ್ಬರು ಅಂದೆ, ಅತ್ತಿಗೆ. ನನಗೆ ಮುಖ್ಯವಾಗಿ ಹೇಳಬೇಕಿದ್ದದ್ದೇ ಇದು. ಇಲ್ಲಿ ಒಬ್ಬಳೇ ರೋಗಿಯನ್ನು ಮೇಲಕ್ಕೆ ಸರಿಸಲು ಹೋದರೆ ಸಿಸ್ಟರ್ ಬೈಯುತ್ತಾರೆ, ಸೊಂಟ ಮುರಿದುಕೊಂಡು ನೀನೂ ಮಲಗುತ್ತೀಯಾ ಅಂತ. ಅಣ್ಣ ತೋಟದಿಂದ ದಣಿದು ಬರುತ್ತಾನೆ ಅನ್ನುತ್ತೀರಿ. ನೀವೇನು ಇಡೀ ದಿನ ಜೋಕಾಲಿಯಲ್ಲಿ ಕೂತಿರುತ್ತೀರಾ? ದಿಂಬು ಬದಲಿಸಿ ಓರೆ ಮಾಡುವುದು ಒಬ್ಬರಿಂದ ಆಗುತ್ತದೆ. ರಾತ್ರಿ ಹನ್ನೆರಡು ಮತ್ತು ಎರಡು ಗಂಟೆಯದು ಅಣ್ಣನ ಪಾಲಿಗೆ, ನಾಲ್ಕರದು ನಿಮಗೆ. ಮೊಬೈಲಿನಲ್ಲಿ ಅಲಾರಂ ಅವನೇ ಇಟ್ಟುಕೊಳ್ಳಲಿ.

ಪಕ್ಕದ ಮನೆಯವರು ಹೇಳಿದ ರಬ್ಬರ್ ರಿಂಗು ಬೇಡ, ಅದರ ಅಂಚು ಸುತ್ತಲೂ ಒತ್ತಿ ರಕ್ತ ಇನ್ನಷ್ಟು ಕಟ್ಟುತ್ತದೆ. ಕಲೆಯನ್ನು ತಿಕ್ಕುವುದೂ ಬೇಡ, ಪೌಡರ್ ಸುರಿಯುವುದೂ ಬೇಡ. ಡೈಪರ್ ಒದ್ದೆಯಾದ ಕೂಡಲೇ ತೆಗೆದು, ತೊಳೆದು, ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ. ಗಾಯ ಮಾಯಲು ಬರೀ ಗಂಜಿ ಸಾಲದು. ಬೇಳೆ ಕಟ್ಟು, ಮೊಟ್ಟೆ, ಮೊಸರು ಹೊಟ್ಟೆಗೆ ಹೋಗಲಿ.

ಅಮ್ಮ ಮಲಗಿಸಿಕೊಂಡೇ ಲೋಟದಲ್ಲಿ ನೀರು ಮಜ್ಜಿಗೆ ಕುಡಿಸುತ್ತಾಳಂತೆ. ಲಕ್ವ ಆದವರಿಗೆ ಗಂಜಿಗಿಂತ ತೆಳ್ಳಗಿನ ನೀರೇ ಶ್ವಾಸನಾಳಕ್ಕೆ ಬೇಗ ಹೋಗುವುದು. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ತಗ್ಗಿಸಿ, ಸಣ್ಣ ಚಮಚದಲ್ಲಿ ಕೊಡಿ. ಒಂದು ತುತ್ತು ನುಂಗಿದ ಮೇಲೆಯೇ ಇನ್ನೊಂದು. ಆಮೇಲೆ ಅರ್ಧ ಗಂಟೆ ಕೂತಿರಲಿ. ಕುಡಿದ ಮೇಲೆ ಕೆಮ್ಮಿದರೆ ಅಥವಾ ದನಿ ಗೊರಗೊರ ಅಂದರೆ ಡಾಕ್ಟರಿಗೆ ಹೇಳಿ.

ಊಟ ಸೇರದ ದಿನ ಶುಗರ್ ಮಾತ್ರೆ ಮಾಮೂಲಿನಂತೆ ಕೊಡಬೇಕಾ ಅಂತ ಡಾಕ್ಟರನ್ನು ಈಗಲೇ ಕೇಳಿಟ್ಟುಕೊಳ್ಳಿ. ಅಪ್ಪ ಇದ್ದಕ್ಕಿದ್ದಂತೆ ತಣ್ಣಗೆ ಬೆವರಿದರೆ, ನಡುಗಿದರೆ, ಏನೇನೋ ಮಾತಾಡಿದರೆ ಮೊದಲು ಮೀಟರಿನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದು ಎಚ್ಚರವಾಗಿದ್ದರೆ ಒಂದು ದೊಡ್ಡ ಚಮಚ ಜೇನುತುಪ್ಪ ಸ್ವಲ್ಪಸ್ವಲ್ಪವಾಗಿ ಕೊಟ್ಟು, 15 ನಿಮಿಷಕ್ಕೆ ಮತ್ತೆ ನೋಡಿ. ಮಂಪರಿನಲ್ಲಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ.

ಕಲೆಯ ಜಾಗ ಒಡೆದರೆ, ವಾಸನೆ ಬಂದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಜ್ವರ ಬರಲಿ ಅಂತ ಕಾಯಬೇಡಿ. ವಯಸ್ಸಾದವರಲ್ಲಿ ನಂಜಾದರೂ ಕೆಲವು ಸಲ ಮೈ ಬಿಸಿಯಾಗುವುದಿಲ್ಲ, ಮಾತು ತಪ್ಪುತ್ತದೆ ಅಷ್ಟೆ.

ಒಂದೇ ಕಡೆ ಭಾರ ಬೀಳದ ಹಾಗೆ ಮಾಡುವ ಗಾಳಿ ಹಾಸಿಗೆ, ಅದೇ ಏರ್ ಬೆಡ್, ತೀರ್ಥಹಳ್ಳಿಯಲ್ಲಿ ಸಿಗದಿದ್ದರೆ ಶಿವಮೊಗ್ಗದಿಂದ ತರಿಸಿ. ದುಡ್ಡು ಹಾಕಿದ್ದೇನೆ, ಅಣ್ಣನ ಖಾತೆಗಲ್ಲ, ನಿಮ್ಮದಕ್ಕೆ. ಬೆಡ್ ಬಂತು ಅಂತ ಮಗ್ಗುಲು ಬದಲಿಸುವುದನ್ನು ಬಿಡಬೇಡಿ. ನಾಳೆ ಬೆಳಿಗ್ಗೆ ಅಪ್ಪನ ಎರಡೂ ಹಿಮ್ಮಡಿಗಳ ಫೋಟೋ ಕಳಿಸಿ, ಬಲ್ಬಿನ ಬೆಳಕು ಬೇಡ, ಕಿಟಕಿ ತೆಗೆದು ತೆಗೆಯಿರಿ.

ನಿಮ್ಮ ನಾದಿನಿ
ಸುಮಾ