ಗೌಯಾ ಕಣಿವೆಯ ಮೂರು ಕೋಟೆಗಳು: ಗೆಳೆಯನಿಗೊಂದು ಪತ್ರ

ರೀಗಾ, ಲಾಟ್ವಿಯಾ

ಪ್ರಿಯ ಗೆಳೆಯಾ,

ನಿನ್ನ ಪತ್ರ ತಲುಪಿತು. ಬೆಟ್ಟಗಳೇ ಇಲ್ಲದ ದೇಶಕ್ಕೆ ಹೋಗಿ ಕುಳಿತಿದ್ದೀಯೆ, ರಜೆ ಬಂದರೆ ಎಲ್ಲಿಗೆ ಚಾರಣ ಹೋಗುತ್ತೀಯೆ ಎಂದು ಛೇಡಿಸಿದ್ದೀಯಲ್ಲ, ಅದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರ ಬರೆಯುತ್ತಿದ್ದೇನೆ. ನೀನು ಹೇಳಿದ್ದು ಸುಳ್ಳಲ್ಲ. ಲಾಟ್ವಿಯಾದ ಅತಿ ಎತ್ತರದ ಗುಡ್ಡವಾದ ಗೈಜಿಂಕಾಲ್ನ್ಸ್ ಸಮುದ್ರಮಟ್ಟದಿಂದ 312 ಮೀಟರ್ ಎತ್ತರವಿದೆ. ನಮ್ಮ ಮುಳ್ಳಯ್ಯನಗಿರಿಯ ಆರನೆಯ ಒಂದು ಪಾಲಿಗೂ ಅದು ಸಾಲದು. ಆದರೆ ಈ ನಾಡಿನಲ್ಲಿ ಗೌಯಾ ಎಂಬ ನದಿಯೊಂದಿದೆ. ಅದು ಸಮತಟ್ಟಾದ ನೆಲವನ್ನು ಕೊರೆದು ಮಾಡಿರುವ ಕಾಡುತುಂಬಿದ ಕಣಿವೆಯಲ್ಲಿ ನಡೆದವನು ಬೆಟ್ಟವಿಲ್ಲವೆಂದು ಕೊರಗುವುದಿಲ್ಲ. ಇಲ್ಲಿಯ ಕ್ರಮವೇ ತಿರುವುಮುರುವು: ಮೊದಲು ಇಳಿಯಬೇಕು, ಹತ್ತುವ ಕಷ್ಟವೆಲ್ಲ ಆಮೇಲೆ.

ರೀಗಾದಿಂದ ಈಶಾನ್ಯಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ ಸಿಗುಲ್ಡಾ ಎಂಬ ಪುಟ್ಟ ಪಟ್ಟಣವಿದೆ. 1889ರಿಂದ ಅಲ್ಲಿಗೆ ರೈಲಿದೆ. ಈಗ ಒಂದು ಗಂಟೆಗಿಂತ ತುಸು ಹೆಚ್ಚು ಹೊತ್ತಿನ ಪ್ರಯಾಣ. ಪಟ್ಟಣದ ಅಂಚಿನಿಂದಲೇ ಗೌಯಾ ರಾಷ್ಟ್ರೀಯ ಉದ್ಯಾನ ಆರಂಭವಾಗುತ್ತದೆ. 1973ರಲ್ಲಿ ಸ್ಥಾಪನೆಯಾದ ಇದು ದೇಶದ ಮೊದಲನೆಯ ಮತ್ತು ಅತಿ ದೊಡ್ಡ ರಾಷ್ಟ್ರೀಯ ಉದ್ಯಾನ. ವಿಸ್ತೀರ್ಣ 900 ಚದರ ಕಿಲೋಮೀಟರಿಗೂ ಮಿಗಿಲು. ಹಿಮಯುಗದ ಕೊನೆಯಲ್ಲಿ ಕರಗಿ ಹರಿದ ಹಿಮನದಿಗಳ ನೀರು ಇಲ್ಲಿಯ ಮೆದುವಾದ ಮರಳುಗಲ್ಲನ್ನು ಕೊಚ್ಚಿಕೊಂಡು ಹೋಗಿ ಕಣಿವೆಯನ್ನು ಮಾಡಿತು. ಆ ಕಲ್ಲು ಮೀನುಗಳು ಮೆರೆದಾಡುತ್ತಿದ್ದ ಡೆವೋನಿಯನ್ ಯುಗದ್ದು, ಎಂದರೆ 35 ಕೋಟಿ ವರ್ಷಗಳಿಗೂ ಹಿಂದಿನದು. ಸಿಗುಲ್ಡಾದ ಬಳಿ ಕಣಿವೆಯ ಆಳ ಸುಮಾರು 85 ಮೀಟರ್. ಅಷ್ಟೇನಾ ಎಂದು ನೀನು ನಗಬಹುದು. ಆದರೆ ಇಳಿದು ಹತ್ತಿ, ಪಕ್ಕದ ಕೊರಕಲಿಗೆ ಮತ್ತೆ ಇಳಿದು ಮತ್ತೆ ಹತ್ತುವಾಗ ಮೊಣಕಾಲು ಬೇರೆಯೇ ಲೆಕ್ಕ ಹೇಳುತ್ತದೆ.

ಈಗ ಕೋಟೆಗಳ ಮಾತು. ನಾವು ನೋಡಿದ ದುರ್ಗಗಳೆಲ್ಲ, ಚಿತ್ರದುರ್ಗವಾಗಲಿ ಕವಲೇದುರ್ಗವಾಗಲಿ, ಗುಡ್ಡ ಹುಡುಕಿ ಅದರ ಮೇಲೆ ಕಟ್ಟಿದವು. ದೂರದಿಂದಲೇ ಕಾಣುತ್ತವೆ, ಕೆಳಗಿನಿಂದ ಏರಿ ಸೇರಬೇಕು. ಇಲ್ಲಿ ಹಾಗಲ್ಲ. ಪಟ್ಟಣದ ಸಮತಟ್ಟಾದ ಬೀದಿಯಲ್ಲಿ ಮೇಪಲ್ ಮತ್ತು ಲಿಂಡನ್ ಮರಗಳ ನೆರಳಿನಲ್ಲಿ ನಡೆಯುತ್ತ ಹೋದರೆ ಕೋಟೆಯ ಹೆಬ್ಬಾಗಿಲೇ ಎದುರಾಗುತ್ತದೆ, ಅದನ್ನು ದಾಟಿ ಹಿಂಬದಿಯ ಗೋಡೆಯ ಬಳಿ ನಿಂತಾಗಲೇ ಕಾಲಬುಡದಲ್ಲಿ ನೆಲ ಮುಗಿದು ಕಣಿವೆ ತೆರೆದುಕೊಳ್ಳುತ್ತದೆ. ಎರಡು ಕೊರಕಲುಗಳ ನಡುವೆ ಮುಂದಕ್ಕೆ ಚಾಚಿದ ನೆಲದ ಮೂಗನ್ನು ಆರಿಸಿ, ಬಯಲಿಗೆ ಅಂಟಿಕೊಂಡ ಒಂದು ಬದಿಗೆ ಮಾತ್ರ ಕಂದಕ ತೋಡಿದರೆ ಸಾಕು, ಉಳಿದ ಮೂರು ಬದಿಗಳ ಕಾವಲನ್ನು ಕಣಿವೆಯೇ ನೋಡಿಕೊಳ್ಳುತ್ತದೆ. ಸಿಗುಲ್ಡಾ, ತುರೈದಾ, ಕ್ರಿಮುಲ್ಡಾ ಎಂಬ ಮೂರೂ ಕೋಟೆಗಳು ಇದೇ ಉಪಾಯದವು, ಮತ್ತು ಒಂದರ ಎದುರಿಗೊಂದು ನಿಂತಂಥವು.

ಇಷ್ಟು ಹತ್ತಿರ ಹತ್ತಿರ ಮೂರು ಕೋಟೆಗಳೇಕೆ? ನನಗೆ ಈ ಕಣಿವೆಯಲ್ಲಿ ಅತ್ಯಂತ ಕುತೂಹಲ ಹುಟ್ಟಿಸಿದ ಪ್ರಶ್ನೆ ಇದು. ಜರ್ಮನ್ ನಾಡಿನಿಂದ ಬಂದ ಬಿಷಪ್ ಆಲ್ಬರ್ಟ್ 1201ರಲ್ಲಿ ರೀಗಾ ನಗರವನ್ನು ಸ್ಥಾಪಿಸಿದ. ಇಲ್ಲಿಯ ಜನರನ್ನು ಕ್ರೈಸ್ತಮತಕ್ಕೆ ತರುವ ಹೆಸರಿನಲ್ಲಿ ನಡೆಯುತ್ತಿದ್ದ ಯುದ್ಧಕ್ಕಾಗಿ ಮರುವರ್ಷವೇ ಖಡ್ಗಧಾರಿ ಸಹೋದರರು ಎಂಬ ಯೋಧ ಸಂನ್ಯಾಸಿಗಳ ಪಂಥ ಹುಟ್ಟಿತು. ಗೆದ್ದ ನೆಲವನ್ನು ಹಂಚಿಕೊಳ್ಳುವ ಹೊತ್ತು ಬಂದಾಗ ಮೂರರಲ್ಲಿ ಒಂದು ಪಾಲು ಪಂಥಕ್ಕೆ, ಎರಡು ಪಾಲು ಬಿಷಪ್ಪನಿಗೆ ಎಂದಾಯಿತು, ಗೌಯಾ ನದಿ ಗಡಿಯಾಯಿತು. ಎಡದಂಡೆಯಲ್ಲಿ ಪಂಥದವರು 1207ರಿಂದ ಸಿಗುಲ್ಡಾದ ಕೋಟೆಯನ್ನು ಕಟ್ಟತೊಡಗಿದರು. ಬಲದಂಡೆಯ ತುರೈದಾದಲ್ಲಿ 1214ರಲ್ಲಿ ಬಿಷಪ್ಪನ ಕೋಟೆ ಎದ್ದಿತು. ಅದೇ ದಂಡೆಯ ಕ್ರಿಮುಲ್ಡಾದಲ್ಲಿ 13ನೆಯ ಶತಮಾನದ ಉತ್ತರಾರ್ಧದಲ್ಲಿ ರೀಗಾದ ಕೆಥೆಡ್ರಲ್‌ನ ಪಾದ್ರಿಮಂಡಳಿ ತನ್ನದೊಂದನ್ನು ಕಟ್ಟಿಸಿತು. 1236ರಲ್ಲಿ ಸೌಲೆ ಎಂಬಲ್ಲಿ ಸೋತು ಸುಣ್ಣವಾದ ಖಡ್ಗಧಾರಿ ಸಹೋದರರು ಮರುವರ್ಷ ಟ್ಯೂಟಾನಿಕ್ ಎಂಬ ಇನ್ನೊಂದು ಜರ್ಮನ್ ಯೋಧ ಸಂನ್ಯಾಸಿ ಪಂಥದಲ್ಲಿ ಸೇರಿಹೋದರು, ಆದರೆ ನದಿಯ ಆಚೀಚೆಯ ಜಗಳ ಮುಗಿಯಲಿಲ್ಲ. 1297ರಲ್ಲಿ ಆರ್ಚ್‌ಬಿಷಪ್ಪನಿಗೂ ಪಂಥಕ್ಕೂ ನೇರ ಯುದ್ಧವೇ ಆರಂಭವಾಯಿತು. ಶತ್ರುವಿಗಾಗಿ ಕಟ್ಟಿದ ಕೋಟೆಗಳು ಕೊನೆಗೆ ಪಾಲುದಾರರ ಮೇಲೆಯೇ ಕಣ್ಣಿಟ್ಟು ಕುಳಿತವು ಎಂದರೆ ಹೆಚ್ಚಲ್ಲ.

ಈ ಪಾಲುಪಟ್ಟಿಯಲ್ಲಿ ನೆಲದ ನಿಜವಾದ ಒಡೆಯರಾದ ಲೀವ್ ಜನರ ಹೆಸರಿಲ್ಲ. ತುರೈದಾದ ಸುತ್ತಿನ ಲೀವ್ ಜನರ ನಾಯಕ ಕೌಪೋ ಎಂಬವನು. ಅವನು ಕ್ರೈಸ್ತನಾಗಿ, 1203ರ ಸುಮಾರಿಗೆ ರೋಮಿನವರೆಗೂ ಹೋಗಿ ಪೋಪ್ ಮೂರನೆಯ ಇನೊಸೆಂಟನನ್ನು ಕಂಡುಬಂದ. ಹಿಂದಿರುಗಿದ ಮೇಲೆ ತನ್ನವರು ತನ್ನನ್ನು ಒಪ್ಪದೆಹೋದಾಗ ಜರ್ಮನರ ಜೊತೆ ಸೇರಿ ತನ್ನದೇ ಮರದ ಕೋಟೆಯ ಮೇಲೆ ದಂಡೆತ್ತಿ ಬಂದ. 1217ರಲ್ಲಿ ಎಸ್ಟೋನಿಯನ್ನರ ವಿರುದ್ಧದ ಯುದ್ಧದಲ್ಲಿ ಜರ್ಮನರ ಪರವಾಗಿಯೇ ಹೋರಾಡಿ ಸತ್ತ. ದ್ರೋಹಿಯೆಂದು ಬಿಡುವುದು ಸುಲಭ, ಆದರೆ ರೋಮನ್ನು ಕಣ್ಣಾರೆ ಕಂಡವನಿಗೆ ಎದುರಾಳಿಯ ಬಲ ಎಷ್ಟೆಂಬ ಅಂದಾಜು ಉಳಿದವರಿಗಿಂತ ಚೆನ್ನಾಗಿ ಸಿಕ್ಕಿತ್ತೆಂದು ನನಗನ್ನಿಸುತ್ತದೆ. ಲೀವ್ ಭಾಷೆ ಫಿನ್ನಿಷ್, ಎಸ್ಟೋನಿಯನ್ ಭಾಷೆಗಳ ಬಳಗದ್ದು. ಅದನ್ನು ತಾಯ್ನುಡಿಯಾಗಿ ಆಡುತ್ತ ಬೆಳೆದ ಹಳೆಯ ತಲೆಮಾರಿನ ಕೊನೆಯವರು 2013ರಲ್ಲಿ ತೀರಿಕೊಂಡರು.

ನಡಿಗೆಗೆ ಬರೋಣ. ಸಿಗುಲ್ಡಾದ ಕೋಟೆಯಿಂದ ಕಡಿದಾದ ಮರದ ಮೆಟ್ಟಿಲುಗಳನ್ನು ಇಳಿದು, ಸೇತುವೆ ದಾಟಿ ಬಲದಂಡೆಗೆ ಹೋಗಬೇಕು. ನದಿಯ ನೀರು ಕಡುಕಂದು. ಕೊಳೆಯಲ್ಲ, ಜೌಗುನೆಲಗಳಿಂದ ಇಳಿದುಬರುವ ನೀರಿನ ಬಣ್ಣ. ದಂಡೆಯುದ್ದಕ್ಕೂ ಸ್ಪ್ರೂಸ್, ಬರ್ಚ್, ಆಸ್ಪೆನ್ ಮರಗಳು ದಟ್ಟವಾಗಿ ಬೆಳೆದಿವೆ. ಅಲ್ಲಿಂದ ಗುಟ್‌ಮಾನನ ಗುಹೆಗೆ ಹೆಚ್ಚು ದೂರವಿಲ್ಲ. ಸುಮಾರು 19 ಮೀಟರ್ ಆಳ, 12 ಮೀಟರ್ ಅಗಲ, 10 ಮೀಟರ್ ಎತ್ತರದ ಈ ಗುಹೆಯನ್ನು ಬಾಲ್ಟಿಕ್ ನಾಡುಗಳಲ್ಲೇ ದೊಡ್ಡದೆನ್ನುತ್ತಾರೆ. ನಮ್ಮ ಕಡೆಯ ಗುಹೆಗಳನ್ನು ಕಂಡ ನಿನಗೆ ಗಾತ್ರ ದೊಡ್ಡದೆನಿಸದು, ನೋಡಬೇಕಾದದ್ದು ಗೋಡೆಯನ್ನು. ಉಗುರಿನಿಂದ ಗೀಚಿದರೂ ಪುಡಿಯುದುರುವಂಥ ಕೆಂಪು ಮತ್ತು ಹಳದಿ ಮರಳುಗಲ್ಲಿನ ಮೇಲೆ 17ನೆಯ ಶತಮಾನದಿಂದೀಚೆಗೆ ಬಂದವರೆಲ್ಲ ಹೆಸರು ಕೆತ್ತಿದ್ದಾರೆ. ಹಳೆಯ ಕೆತ್ತನೆಗಳು ಅವಸರದ ಗೀಚಲ್ಲ: ಅಕ್ಷರದ ಅಂಚು ನೇರ, ಮನೆತನದ ಲಾಂಛನಕ್ಕೆ ಚೌಕಟ್ಟು, ಅದರ ಕೆಳಗೆ ಇಸವಿ. ಬಲ್ಲ ಕೈಯಿಂದ ಹಣಕೊಟ್ಟು ಕೆತ್ತಿಸಿದವು ಎಂಬುದು ನೋಡಿದೊಡನೆ ತಿಳಿಯುತ್ತದೆ. ಒಳಗಿನಿಂದ ಹರಿದುಬರುವ ಸಣ್ಣ ಒರತೆಯೇ ಕಾಲಾಂತರದಲ್ಲಿ ಕಲ್ಲನ್ನು ತೊಳೆದು ಈ ಗುಹೆಯನ್ನು ಮಾಡಿದ್ದು. ಅದು ಇನ್ನೂ ಹರಿಯುತ್ತಿದೆ.

ಈ ಗುಹೆಗೊಂದು ಕಥೆಯಿದೆ. 1601ರ ಯುದ್ಧದಲ್ಲಿ ಸತ್ತವರ ನಡುವೆ ಸಿಕ್ಕಿದ ಹಸುಗೂಸನ್ನು ತುರೈದಾ ಕೋಟೆಯ ಗುಮಾಸ್ತನೊಬ್ಬ ಸಾಕಿ ಮಾಯಾ ಎಂದು ಹೆಸರಿಟ್ಟ. ಬೆಳೆದ ಹುಡುಗಿ ಆಚೆದಂಡೆಯ ಸಿಗುಲ್ಡಾ ಕೋಟೆಯ ತೋಟಗಾರ ವಿಕ್ಟರ್ ಎಂಬವನನ್ನು ಪ್ರೀತಿಸಿದಳು. 1620ರಲ್ಲಿ ಪೋಲಿಷ್ ಸೈನಿಕನೊಬ್ಬ ಸುಳ್ಳು ಸಂದೇಶ ಕಳಿಸಿ ಅವಳನ್ನು ಗುಹೆಗೆ ಕರೆಸಿದಾಗ, ಕೊರಳಿನ ಕೆಂಪು ವಸ್ತ್ರಕ್ಕೆ ಯಾವ ಆಯುಧವೂ ತಾಗದಂಥ ಶಕ್ತಿಯಿದೆ, ಬೇಕಾದರೆ ಪರೀಕ್ಷಿಸು ಎಂದು ಹೇಳಿ ಅವನ ಏಟಿಗೆ ತಾನೇ ಕೊರಳೊಡ್ಡಿ ಸತ್ತಳಂತೆ. ತುರೈದಾದ ಚರ್ಚಿನ ಬಳಿ ಅವಳದೆನ್ನುವ ಸಮಾಧಿಗೆ ಮದುವೆಯಾದ ಜೋಡಿಗಳು ಹೂ ತಂದಿಡುತ್ತಾರೆ. ಮಾನಕ್ಕಾಗಿ ಹೆಣ್ಣು ಸಾಯುವುದನ್ನು ಹಾಡಿ ಹೊಗಳುವ ಕಥೆಗಳು ನಮ್ಮಲ್ಲೂ ಬೇಕಾದಷ್ಟಿವೆ, ಆದ್ದರಿಂದ ನಾನು ಅದಕ್ಕೆ ಅಷ್ಟಾಗಿ ಮರುಳಾಗಲಿಲ್ಲ. ನನಗೆ ಹಿಡಿಸಿದ್ದು ಅವಳ ಸಮಯಪ್ರಜ್ಞೆ.

ಗುಹೆಯಿಂದ ಮೇಲೇರಿದರೆ ತುರೈದಾ. ಸಿಗುಲ್ಡಾದ ಕೋಟೆ ಬೂದುಬಣ್ಣದ ಒರಟು ಕಲ್ಲಿನದು, ಇದು ಪೂರಾ ಕೆಂಪು ಇಟ್ಟಿಗೆಯದು. 1776ರ ಬೆಂಕಿಯಲ್ಲಿ ಸುಟ್ಟು ಹಾಳಾಗಿದ್ದದ್ದನ್ನು 20ನೆಯ ಶತಮಾನದಲ್ಲಿ ಉತ್ಖನನ ನಡೆಸಿ ಮತ್ತೆ ಎತ್ತಿ ನಿಲ್ಲಿಸಿದ್ದಾರೆ. ಕೆಲವು ಭಾಗಗಳು ಅತಿಯಾಗಿ ಹೊಸದಾಗಿವೆ ಎಂಬುದು ನನ್ನ ದೂರು. ಆದರೆ ನಡುವಿನ ದುಂಡುಗೋಪುರ ಅದ್ಭುತ. ಮುತ್ತಿಗೆಯ ಕಾಲದಲ್ಲಿ ಏಣಿಯನ್ನು ಮೇಲಕ್ಕೆಳೆದುಕೊಂಡರೆ ಯಾರೂ ಒಳಬರಲಾಗದಂತೆ ಅದರ ಹಳೆಯ ಬಾಗಿಲನ್ನು ನೆಲದಿಂದ ಬಹಳ ಎತ್ತರದಲ್ಲಿ ಇರಿಸಿದ್ದರು. ದಪ್ಪ ಗೋಡೆಯ ಒಳಗೇ ಸಾಗುವ ಇಕ್ಕಟ್ಟಿನ ಮೆಟ್ಟಿಲುಗಳಲ್ಲಿ ಎದುರಿನಿಂದ ಬರುವವರಿಗೆ ದಾರಿಬಿಡಲು ಗೋಡೆಗೆ ಒತ್ತಿಕೊಂಡೇ ನಿಲ್ಲಬೇಕು. ಮೇಲೆ ನಿಂತು ನೋಡಿದಾಗ ಕಾಡಿನ ನಡುವೆ ನದಿಯ ತಿರುವು, ಅದರಾಚೆ ಸಿಗುಲ್ಡಾದ ಅಂಚು ಕಾಣುತ್ತವೆ. ಹಂಚಿಕೆಯ ಚರಿತ್ರೆಯೆಲ್ಲ ಆಗ ನಕ್ಷೆಯಿಲ್ಲದೆಯೇ ಅರ್ಥವಾಗುತ್ತದೆ. ಕೋಟೆಯ ಪಕ್ಕದ ಹಾಡುಗಳ ಗುಡ್ಡವನ್ನೂ ತಪ್ಪಿಸಬೇಡ. ಇಂದುಲಿಸ್ ರಂಕಾ ಎಂಬ ಶಿಲ್ಪಿಯ ಕಲ್ಲುಗಳು ಅಲ್ಲಿವೆ. ಲಾಟ್ವಿಯನ್ನರ ಜನಪದ ಹಾಡುಗಳಾದ ‘ದೈನಾ’ಗಳು ಹೆಚ್ಚಾಗಿ ನಾಲ್ಕು ಸಾಲಿನವು, ನಮ್ಮ ಬೀಸುವ ಕಲ್ಲಿನ ತ್ರಿಪದಿಗಳ ಒಡಹುಟ್ಟಿದವರಂತೆ, ಕ್ರಿಶ್ಯಾನಿಸ್ ಬರೋನ್ಸ್ ಎಂಬ ಮಹನೀಯರು ಬೇರೆ ಬೇರೆ ರೂಪಗಳೂ ಸೇರಿ ಅಂಥ ಎರಡು ಲಕ್ಷಕ್ಕೂ ಹೆಚ್ಚು ಹಾಡುಗಳನ್ನು ಅಣಿಗೊಳಿಸಿ ಪ್ರಕಟಿಸಿದರು, ಅವರ 150ನೆಯ ಹುಟ್ಟುಹಬ್ಬದ ನೆನಪಿಗೆ 1985ರಲ್ಲಿ ಈ ಗುಡ್ಡ ರೂಪುಗೊಂಡಿತು.

ಕ್ರಿಮುಲ್ಡಾದಲ್ಲಿ ಉಳಿದಿರುವುದು ಮರಗಳ ನಡುವೆ ನಿಂತ ಒಂದು ಗೋಡೆಯ ತುಂಡು ಮಾತ್ರ. 1601ರಲ್ಲಿ ಪೋಲಿಷರ ಮತ್ತು ಸ್ವೀಡಿಷರ ಯುದ್ಧದಲ್ಲಿ ಹಾಳಾದದ್ದನ್ನು ಯಾರೂ ಮತ್ತೆ ಕಟ್ಟಲಿಲ್ಲ. ಅಲ್ಲಿಂದ ಸಿಗುಲ್ಡಾಕ್ಕೆ 1969ರಿಂದ ಕೇಬಲ್ ಕಾರ್ ಇದೆ, ನದಿಯಿಂದ 40 ಮೀಟರಿಗೂ ಎತ್ತರದಲ್ಲಿ ಒಂದು ಕಿಲೋಮೀಟರ್ ಉದ್ದಕ್ಕೆ ತೂಗಿಕೊಂಡು ಸಾಗುತ್ತದೆ. ಬಹಳ ಪ್ರವಾಸಿಗರು ಬಂದೊಡನೆ ಅದನ್ನೇರಿ ಆಚೆ ಹೋಗುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ನಡೆದು ದಣಿದ ಮೇಲೆ ಸಂಜೆಯ ಹೊತ್ತಿಗೆ ಹಿಂದಿರುಗಲು ಅದನ್ನು ಹತ್ತಿದರೆ, ಇಡೀ ದಿನ ಕಾಲಲ್ಲಿ ಅಳೆದ ಜಾಗವನ್ನೆಲ್ಲ ಕೆಲವೇ ನಿಮಿಷಗಳಲ್ಲಿ ಮೇಲಿನಿಂದ ಕಾಣಬಹುದು. ಎಲ್ಲ ಸೇರಿ 12ರಿಂದ 15 ಕಿಲೋಮೀಟರ್ ನಡಿಗೆಯಾಗುತ್ತದೆ. ಇನ್ನೂ ನಡೆಯುವ ಹುರುಪಿದ್ದರೆ ಕಣಿವೆಯಲ್ಲೇ ಮೇಲಕ್ಕೆ ಸಾಗಿ ತ್ಸೇಸಿಸ್ ಪಟ್ಟಣವನ್ನು ಸೇರಬಹುದು. ಅಲ್ಲಿಯ ಕೋಟೆಯ ಕತ್ತಲು ತುಂಬಿದ ಗೋಪುರವನ್ನು ಹತ್ತಲು ಟಾರ್ಚ್ ಬದಲು ಮೇಣದಬತ್ತಿಯ ಲಾಂದ್ರವನ್ನು ಕೈಗೆ ಕೊಡುತ್ತಾರೆ.

ಒಂದು ಎಚ್ಚರಿಕೆ. ಮಲೆನಾಡಿನಲ್ಲಿ ಇಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಇಟ್ಟುಕೊಂಡು ಹೊರಟರಾಯಿತು. ಇಲ್ಲಿಯ ತೊಂದರೆ ಉಣುಗಿನದು. ಹುಲ್ಲಿನಿಂದ ಮೈಗೆ ಹತ್ತಿಕೊಳ್ಳುವ ಉಣುಗು ಕಚ್ಚಿದರೆ ಮಿದುಳು ಜ್ವರ ಬರಬಹುದು. 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ ಇದರ ಹತ್ತಿರದ ಬಂಧು ಎಂಬುದನ್ನು ತಿಳಿದಾಗ ನನಗೆ ಆಶ್ಚರ್ಯವಾಯಿತು. ಇಲ್ಲಿಯ ಕಾಯಿಲೆಗೆ ಒಳ್ಳೆಯ ಲಸಿಕೆಯಿದೆ, ಆದರೆ ಅದನ್ನು ಹಲವು ಕಂತುಗಳಲ್ಲಿ, ತಿಂಗಳುಗಳ ಅಂತರದಲ್ಲಿ ಹಾಕಿಸಿಕೊಳ್ಳಬೇಕಾದ್ದರಿಂದ ನಿನ್ನ ವೈದ್ಯರನ್ನು ಈಗಲೇ ವಿಚಾರಿಸು. ಉದ್ದ ತೋಳಿನ ಅಂಗಿ ಹಾಕಿಕೊಂಡು, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಿ ನಡೆಯಬೇಕು. ರಾತ್ರಿ ಮಲಗುವ ಮುನ್ನ ಮೈಯೆಲ್ಲ ಹುಡುಕಿ ನೋಡಬೇಕು.

ಬರುವುದಾದರೆ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಮೊದಲ ವಾರಕ್ಕೆ ಬಾ. ಆ ಹೊತ್ತಿಗೆ ಮೇಪಲ್ ಕೆಂಪಾಗಿ, ಬರ್ಚ್ ಹಳದಿಯಾಗಿ, ಸ್ಪ್ರೂಸ್ ಮಾತ್ರ ಹಸಿರಾಗಿಯೇ ಉಳಿದಿರುತ್ತದೆ. ಶನಿವಾರ, ಭಾನುವಾರಗಳಂದು ರೀಗಾದ ಜನವೆಲ್ಲ ಅಲ್ಲಿಗೇ ಬರುವುದರಿಂದ ನಾವು ವಾರದ ನಡುವೆ ಹೋಗೋಣ. ಷೆಂಗೆನ್ ವೀಸಾಕ್ಕೆ ಬೇಗನೆ ಅರ್ಜಿ ಹಾಕು. ತಾರೀಖು ಗೊತ್ತಾದ ಕೂಡಲೇ ತಿಳಿಸಿದರೆ ನಾನೂ ಆಫೀಸಿನಲ್ಲಿ ರಜೆ ಕೇಳುತ್ತೇನೆ. ಮನೆಯವರಿಗೆಲ್ಲ ನನ್ನ ನಮಸ್ಕಾರಗಳನ್ನು ತಿಳಿಸು.

ಇಂತಿ ನಿನ್ನ ಪ್ರೀತಿಯ,
ಗೆಳೆಯ